ರಿಲೀವರ್ ಕೈ ಇಡುವ ತನಕ

ಮದುವೆಯಾಗಿ ಬಂದ ಮೊದಲ ದಿನ ಆ ಮನೆಯಲ್ಲಿ ನಾಲ್ಕು ತಟ್ಟೆ ಇಟ್ಟಿದ್ದರು. ಊಟಕ್ಕೆ ಕೂತವರು ಮೂರೇ ಜನ. ನಾಲ್ಕನೆಯ ತಟ್ಟೆಗೆ ಬಡಿಸಿ, ಅದರ ಮೇಲೆ ಇನ್ನೊಂದು ತಟ್ಟೆ ಕವುಚಿ, ಅತ್ತೆ ಗೋಡೆಯ ಕಡೆಗೆ ಸರಿಸಿದರು. ಹೊಸ ಸೊಸೆಯ ಕಣ್ಣು ಅದರ ಮೇಲೇ ಇತ್ತು.

"ಅದು ನಿಮ್ಮಕ್ಕಂದು," ಎಂದರು ಅತ್ತೆ. "ನನ್ನ ದೊಡ್ಡ ಸೊಸೆ. ರಿಲೀವರ್ ಬಂದಿಲ್ಲ ಅನ್ಸುತ್ತೆ. ನೀನು ಊಟ ಮಾಡಮ್ಮ, ಅವಳಿಗೆ ಕಾದ್ರೆ ನಮ್ಮ ಹೊಟ್ಟೆ ಬೆನ್ನಿಗೆ ಅಂಟ್ಕೊಳುತ್ತೆ."

ರಿಲೀವರ್ ಎನ್ನುವುದು ಬಸ್ಸೋ, ರೋಗವೋ, ದೊಡ್ಡ ಸಾಹೇಬರೋ ಹೊಸ ಸೊಸೆಗೆ ತಿಳಿಯಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕೈ ತೊಳೆಯುವಾಗ ಗಂಡನನ್ನು ಮೆಲ್ಲಗೆ ಕೇಳಿದಳು.

"ಅತ್ತಿಗೆ ಜಾಗಕ್ಕೆ ಬಂದು ನಿಲ್ಲೋರು," ಎಂದ ಅವನು. "ಅವರು ಬಂದ್ರೆ ಇವರು ಮನೆಗೆ ಬರ್ಬಹುದು. ಇಲ್ಲ ಅಂದ್ರೆ ಅಲ್ಲೇ ನಿಂತಿರ್ಬೇಕು."

"ಬರ್ದೇ ಇದ್ರೆ?"

"ಅದಕ್ಕೇ ಅಲ್ವಾ ತಟ್ಟೆ ಮುಚ್ಚಿಟ್ಟಿರೋದು."

ಹೀಗೆ, ಕಣ್ಣಿಗೆ ಬೀಳುವ ಮೊದಲೇ ಆ ದೊಡ್ಡ ಸೊಸೆ, ರೋಲರಕ್ಕ, ಅವಳ ಬದುಕಿನೊಳಗೆ ಒಂದು ಮುಚ್ಚಿಟ್ಟ ತಟ್ಟೆಯಾಗಿ ಬಂದಳು. ಗಂಟೆ ನಾಲ್ಕಾದ ಮೇಲೆ ಬಾಗಿಲಲ್ಲಿ ಸೋಪಿನ ಮತ್ತು ಬಿಸಿ ಬಟ್ಟೆಯ ವಾಸನೆ ಬಂತು. ಅದರ ಹಿಂದೆ ಉದ್ದಕ್ಕೆ, ತೆಳ್ಳಗೆ ಒಬ್ಬ ಹೆಂಗಸು ಬಂದಳು. ಚಪ್ಪಲಿ ಬಿಟ್ಟು ನೆಟ್ಟಗೆ ಹೊಸ ಸೊಸೆಯ ಹತ್ತಿರ ನಡೆದು, ಅವಳ ಭುಜದ ಮೇಲೆ ಅಂಗೈ ಇಟ್ಟು, "ಬಂದೆ ಕಣೇ" ಎಂದಳು. ಆಮೇಲೆಯೇ ತಟ್ಟೆಯ ಮುಂದೆ ಕೂತದ್ದು.

ರೋಲರಕ್ಕನ ಗಂಡ ಮದುವೆಯಾದ ನಾಲ್ಕನೇ ವರ್ಷಕ್ಕೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಆ ವರ್ಷವೇ ಅವಳು ದೊಡ್ಡಾಸ್ಪತ್ರೆಯ ಲಾಂಡ್ರಿಗೆ ಸೇರಿದಳು. ಅಲ್ಲಿ ಒಗೆದ ಶೀಟುಗಳನ್ನು ಒಣಗಿಸಿ ಇಸ್ತ್ರಿ ಮಾಡುವ ದೊಡ್ಡ ರೋಲರ್ ಯಂತ್ರ ಇತ್ತು. ಈ ಕಡೆಯಿಂದ ಒಬ್ಬಳು ಒದ್ದೆ ಶೀಟನ್ನು ಎರಡು ಕೈಯಲ್ಲಿ ಹರಡಿ ಒಳಗೆ ಬಿಡಬೇಕು, ಆ ಕಡೆಯಿಂದ ಇನ್ನೊಬ್ಬಳು ಬಿಸಿಬಿಸಿ ಹಿಡಿದು ಮಡಿಸಬೇಕು. ನಡುವೆ ರೋಲರು, ರೋಲರಿನ ಮೇಲೆ ಹಬೆ. ಶೀಟು ಬಿಡುವವಳು ಕ್ಷಣ ತಪ್ಪಿದರೆ ಬಟ್ಟೆ ಸೊಟ್ಟಗೆ ಸುತ್ತಿಕೊಂಡು ಕರಕಲಾಗುತ್ತದೆ. ಅದಕ್ಕೇ ರಿಲೀವರ್ ಬರುವ ತನಕ ಅಲ್ಲಿಂದ ಅಲ್ಲಾಡುವ ಹಾಗಿಲ್ಲ.

ಮನೆಯವರು ಹೊಸ ಸೊಸೆಯನ್ನು ಚಿಕ್ಕವಳು ಎಂದು ಕರೆದರು. ಲಾಂಡ್ರಿಯವರು ದೊಡ್ಡವಳನ್ನು ರೋಲರಕ್ಕ ಎಂದರು. ವಾರಗಿತ್ತಿಯರಿಬ್ಬರಿಗೂ ಆ ಹೆಸರುಗಳೇ ಗಟ್ಟಿಯಾದವು.

ಆಸ್ಪತ್ರೆಯ ಮಾತನ್ನು ರೋಲರಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹಾಗೆ ಮನೆಗೂ ತಂದಿದ್ದಳು. ಒಲೆಯ ಮೇಲೆ ಹಾಲಿಟ್ಟು ಚಿಕ್ಕವಳು ಕಿಟಕಿಯ ಕಡೆ ಹೋದರೆ, "ಹಾಲಿಗೆ ರಿಲೀವರ್ ಯಾರೇ?" ಎಂಬ ಕೂಗು ಬರುತ್ತಿತ್ತು. ಚಿಕ್ಕವಳ ಮಗಳು ಜೋಲಿಯಲ್ಲಿ ಮಲಗಿದ್ದರೆ, ತೂಗುವವಳು ಏಳುವ ಮೊದಲು ಇನ್ನೊಬ್ಬರು ಬಂದು ಹಗ್ಗಕ್ಕೆ ಕೈ ಹಚ್ಚಬೇಕು. ಅತ್ತೆ ಮೊದಮೊದಲು ಮೂಗು ಮುರಿದರು. "ನಿಂದೊಳ್ಳೆ ಕಂಪನಿ ಆಯ್ತಲ್ಲೇ. ನಾನು ಸತ್ರೆ ಯಾರು ನನ್ನ ರಿಲೀವರ್ರು?" ರೋಲರಕ್ಕ ತಲೆ ಎತ್ತದೆ, "ನಿಮ್ಮ ನಾಲಿಗೆ ಜಾಗಕ್ಕೆ ಬರೋಕೆ ಯಾರೂ ಅರ್ಜಿ ಹಾಕಿಲ್ಲ ಅತ್ತೆ, ನೀವು ಅಷ್ಟು ಸಲೀಸಾಗಿ ಹೋಗೋ ಹಾಗಿಲ್ಲ" ಎಂದಳು. ಅತ್ತೆ ನಕ್ಕು ನಕ್ಕು ಕೆಮ್ಮಿಕೊಂಡರು. ಮುಂದೆ ಅವರು ಹಾಸಿಗೆ ಹಿಡಿದಾಗ ಅದೇ ಪದ್ಧತಿ ಅವರನ್ನು ಎರಡು ವರ್ಷ ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ.

ಮಗು ಶಾಲೆಗೆ ಹೋಗತೊಡಗಿದ ವರ್ಷ ರೋಲರಕ್ಕನ ರಿಲೀವರ್ ಕೆಲಸ ಬಿಟ್ಟಳು. ಆ ಜಾಗಕ್ಕೆ ಚಿಕ್ಕವಳು ಸೇರಿದಳು. ಒಂದೇ ಮನೆಯವರು, ಒಂದೇ ಯಂತ್ರ. ಬೆಳಗಿನಿಂದ ಎರಡರ ತನಕ ಅಕ್ಕ, ಎರಡರ ಮೇಲೆ ತಂಗಿ.

ಮೊದಲ ದಿನ ರೋಲರಕ್ಕ ಕಲಿಸಿದ್ದು ಇದು. ಬಂದವಳು ಬಾಗಿಲಲ್ಲಿ ನಿಂತು ಕೂಗಬಾರದು. ಯಂತ್ರದ ಹತ್ತಿರ ಬಂದು, ನಿಂತವಳ ಕೈಯ ಪಕ್ಕ ಕಬ್ಬಿಣದ ಪಟ್ಟಿಯ ಮೇಲೆ ಕೈ ಇಡಬೇಕು. "ಬಂದೆ" ಎನ್ನಬೇಕು. ಆಮೇಲೆ ಒಂದು ಶೀಟು ನಾಲ್ಕು ಕೈಯಲ್ಲಿ ಒಳಗೆ ಹೋಗಬೇಕು. ಅದು ಅರ್ಧ ಸಾಗಿದಾಗ ಹಳಬಳು ತನ್ನ ಎರಡು ಕೈ ತೆಗೆಯಬೇಕು.

"ಇಷ್ಟೆಲ್ಲ ಯಾಕಕ್ಕ? ಬಾಯಲ್ಲಿ ಹೇಳಿದ್ರೆ ಸಾಲ್ದಾ?"

ರೋಲರಕ್ಕ ಎಡಗೈಯ ಎರಡು ಬೆರಳು ತೋರಿಸಿದಳು. ತುದಿ ನುಣ್ಣಗಿತ್ತು, ಗೆರೆಗಳೇ ಇರಲಿಲ್ಲ. "ಬಾಯಲ್ಲಿ ಹೇಳಿದ್ಲು ಒಬ್ಳು. ಬಾಗ್ಲಿಂದ ಬಂದೆ ಅಂದ್ಲು, ನಾನು ಕೈ ಬಿಟ್ಟು ತಿರುಗಿದೆ. ಅವಳು ಬಾಗ್ಲಲ್ಲೇ ಯಾರ ಜೊತೆಗೋ ಹರಟೆಗೆ ನಿಂತಿದ್ಲು. ಶೀಟು ಸುತ್ಕೊಳ್ತು, ನಾನು ಎಳೆಯೋಕೆ ಹೋದೆ. ಬಾಯಿ ಬಾಗ್ಲಿಂದ ಒಳಗೆ ಬರುತ್ತೆ, ಮೈ ಬಂದಿರಲ್ಲ ಕಣೇ."

ರೋಲರ್ ಮನೆಯಲ್ಲಿ ಹಗಲು ಬೇರೆಯೇ ಥರ ಇರುತ್ತಿತ್ತು. ಮೇಲಿನ ಗಾಜಿನಿಂದ ಇಳಿದ ಬಿಸಿಲು ಹಬೆಯಲ್ಲಿ ಹಾಲಿನ ಹಾಗೆ ಕದಡಿಕೊಳ್ಳುತ್ತಿತ್ತು. ಆಚೆ ನಿಂತವರು ತಲೆಯಿಲ್ಲದ ನೀಲಿ ಏಪ್ರನ್ನುಗಳಾಗಿ ತೇಲಾಡುತ್ತಿದ್ದರು. ಗೋಡೆಯ ಗಡಿಯಾರದ ಗಾಜು ಮಂಜಾಗಿ, ಹೊತ್ತು ನೋಡಬೇಕೆಂದರೆ ಯಾರಾದರೂ ಸ್ಟೂಲು ಹತ್ತಿ ಒರೆಸಬೇಕಿತ್ತು. ಒಂದೊಂದು ಶೀಟು ಒಳಗೆ ಜಾರುವಾಗಲೂ ಚಿಕ್ಕವಳಿಗೆ ನಿದ್ದೆಯ ಅಂಚಿನಲ್ಲಿ ನಡೆಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಯಾರ್ಯಾರು ಮಲಗಿದ್ದ ಶೀಟುಗಳೋ. ಹುಟ್ಟಿದವರು, ಹೋದವರು, ಬರೀ ಜ್ವರ ಬಂದು ಎದ್ದು ಮನೆಗೆ ನಡೆದವರು, ಎಲ್ಲರೂ ಬೆಳ್ಳಗೆ ಒಂದೇ ಸಮ ಆಗಿ ಆ ಕಡೆ ಹೊರಬೀಳುತ್ತಿದ್ದರು.

ಒಂದು ದಿನ ರೋಲರಕ್ಕನಿಗೆ ಒಂದು ಕಾರ್ಡು ಬಂತು. ಬರೆದವನು ಅವಳ ತಮ್ಮ. ಒಡಹುಟ್ಟಿದವನು ಅವನೊಬ್ಬನೇ. ಸೇತುವೆಗಳಿಗೆ ಬಣ್ಣ ಹಚ್ಚುವ ತಂಡದೊಡನೆ ಊರಿಂದೂರಿಗೆ ಹೋಗುವವನು. ಅವರ ತಾಯಿ ಸಾಯುವ ಹೊತ್ತಿನಲ್ಲಿ ಅವನು ಯಾವುದೋ ನದಿಯ ಮೇಲೆ ಹಗ್ಗಕ್ಕೆ ನೇತಾಡುತ್ತಿದ್ದ, ಬರಲಿಲ್ಲ. ಬಂದಾಗ ಅಕ್ಕ, "ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ" ಎಂದಿದ್ದಳು. ಅವನು ತೋರಿಸಲಿಲ್ಲ. ಹದಿನೇಳು ವರ್ಷ.

ಕಾರ್ಡಿನಲ್ಲಿ ನಾಲ್ಕೇ ಸಾಲು. ಬರುವ ಮಂಗಳವಾರ ನಮ್ಮ ತಂಡ ನಿಮ್ಮೂರ ಮೇಲೆ ಹಾದು ಹೋಗುತ್ತದೆ. ಮಧ್ಯಾಹ್ನ ಎರಡೂವರೆಗೆ ರೈಲು ಹನ್ನೆರಡು ನಿಮಿಷ ನಿಲ್ಲುತ್ತದೆ. ಕೋಪ ಹೋಗಿದ್ದರೆ ಸ್ಟೇಷನ್ನಿಗೆ ಬಾ. ಬರದಿದ್ದರೆ ತಿಳಿದುಕೊಳ್ಳುತ್ತೇನೆ, ಮತ್ತೆ ಬರೆಯುವುದಿಲ್ಲ.

ಕಾರ್ಡಿನಲ್ಲಿ ವಿಳಾಸ ಇರಲಿಲ್ಲ. ರೋಲರಕ್ಕ ಅದನ್ನು ಓದಿಸಿಕೊಂಡು, ಮತ್ತೊಮ್ಮೆ ಓದಿಸಿಕೊಂಡು, ಸೀರೆಗಳ ನಡುವೆ ಇಟ್ಟಳು. "ಕೋಪ ಹೋಗಿ ಯಾವ ಕಾಲ ಆಯ್ತೋ. ಹೇಳೋಣ ಅಂದ್ರೆ ಅವನು ಎಲ್ಲಿರ್ತಾನೆ ಅಂತ ಗೊತ್ತಾದ್ರೆ ತಾನೇ" ಎಂದಳು.

ಲಾಂಡ್ರಿಯಿಂದ ಸ್ಟೇಷನ್ನಿಗೆ ಇಪ್ಪತ್ತು ನಿಮಿಷದ ನಡಿಗೆ. ಎರಡಕ್ಕೆ ಬಿಟ್ಟರೂ ಆಗುತ್ತಿತ್ತು. ಆದರೂ ಚಿಕ್ಕವಳು, "ಅಕ್ಕ, ಒಂದೂವರೆಗೇ ಬರ್ತೀನಿ. ನೀನು ಮುಖ ತೊಳ್ಕೊಂಡು, ಒಳ್ಳೆ ಸೀರೆ ಉಟ್ಕೊಂಡು ಹೋಗು. ಹದಿನೇಳು ವರ್ಷ ಆದ್ಮೇಲೆ ನಿನ್ನ ನೋಡಿ ಅವನು ಹೆದ್ರಬಾರ್ದು" ಎಂದಳು.

"ಅವನು ಚಿಕ್ಕೋನಿದ್ದಾಗ್ಲೇ ಹೆದ್ರಿದ್ದು, ಈಗೇನು ಹೆದ್ರೋದು" ಎಂದಳು ರೋಲರಕ್ಕ. ಆದರೆ ಮಂಗಳವಾರ ಬೆಳಿಗ್ಗೆ ಒಳ್ಳೆಯ ಸೀರೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಟಳು.

ಚಿಕ್ಕವಳು ಹೇಳಿದ ಮಾತಿಗೆ ಸರಿಯಾಗಿ ಒಂದೂವರೆಗೆ ಬಂದಳು. ಏಪ್ರನ್ ಕಟ್ಟಿಕೊಳ್ಳುತ್ತಿರುವಾಗ ಸೂಪರ್‌ವೈಸರಮ್ಮ ತೋಳು ಹಿಡಿದಳು. "ಆ ಕಡೆ ಹಿಡಿಯೋಳಿಗೆ ತಲೆ ಸುತ್ತು ಬಂದಿದೆ, ಹೊರಗೆ ಕೂತಿದ್ದಾಳೆ. ಸ್ವಲ್ಪ ಹೊತ್ತು ನೀನು ಹಿಡಿ ತಾಯಿ. ಇಲ್ದಿದ್ರೆ ಬಟ್ಟೆ ನೆಲಕ್ಕೆ ಬೀಳುತ್ತೆ."

ಆಗಲೇ ಒಂದು ಶೀಟು ಹೊರಬರುತ್ತಿತ್ತು. ಚಿಕ್ಕವಳು ಓಡಿ ಹಿಡಿದಳು. ಹಬೆಯ ಆಚೆಗೆ, "ಅಕ್ಕಾ, ಬಂದೆ. ನೀನು ಹೊರಡು" ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ ಬಿಳಿಯ ಮಬ್ಬಿನಲ್ಲಿ ಒಂದು ನೀಲಿ ಏಪ್ರನ್ ಬಾಗಿಲು ದಾಟಿ ಬೆಳಕಿಗೆ ಹೋದದ್ದು ಕಂಡಿತು. ಅಕ್ಕ ಹೊರಟಳು, ಅವಳ ಜಾಗಕ್ಕೆ ಸೂಪರ್‌ವೈಸರಮ್ಮ ಯಾರನ್ನೋ ಹಾಕಿದ್ದಾಳೆ ಎಂದುಕೊಂಡಳು. ಶೀಟುಗಳು ಬರುತ್ತಲೇ ಇದ್ದವು, ಒಂದೂ ಸೊಟ್ಟಗಿರಲಿಲ್ಲ. ಯಾರೋ ಚೆನ್ನಾಗಿ ಬಿಡುತ್ತಿದ್ದಾಳೆ ಅನ್ನಿಸಿತು. ಮನಸ್ಸು ಹಗುರಾಗಿತ್ತು. ಪ್ರತಿ ಶೀಟಿನ ಜೊತೆಗೆ ಅಕ್ಕ ಒಂದೊಂದು ಹೆಜ್ಜೆ ಮುಂದೆ ಹೋಗುತ್ತಿರುವ ಹಾಗೆ ಅನ್ನಿಸಿತು: ಇದು ಮುಖ ತೊಳೆಯುವಾಗ, ಇದು ಸೀರೆಯ ನೆರಿಗೆ ಹಿಡಿಯುವಾಗ, ಇದು ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ. ದೂರದಲ್ಲಿ ರೈಲು ಕೂಗಿ ಹೊರಟಾಗ, ಅಕ್ಕತಮ್ಮಂದಿರು ಈಗ ಏನು ಮಾತಾಡಿ ಮುಗಿಸಿರಬಹುದು ಎಂದು ಊಹಿಸಿ ಒಬ್ಬಳೇ ನಕ್ಕಳು.

ತಲೆ ಸುತ್ತಿದವಳು ವಾಪಸು ಬಂದಳು. ಚಿಕ್ಕವಳು ಯಂತ್ರವನ್ನು ಬಳಸಿಕೊಂಡು ಈ ಕಡೆ ಬಂದಳು. ರೋಲರಕ್ಕ ಅಲ್ಲೇ ನಿಂತಿದ್ದಳು; ಬಾಗಿಲು ದಾಟಿದ್ದ ಏಪ್ರನ್ ಬೇರೆ ಯಾರದೋ. ಒದ್ದೆ ಶೀಟು ಕೈಯಲ್ಲಿತ್ತು. ಸೀರೆಯ ಚೀಲ ಮೊಳೆಗೆ ನೇತುಹಾಕಿದ ಹಾಗೇ ಇತ್ತು.

"ಅಕ್ಕ, ನೀನು ಹೋಗ್ಲಿಲ್ವಾ?"

"ನೀನು ಕೈ ಇಡ್ಲಿಲ್ಲ."

"ಕೂಗಿದ್ನಲ್ಲ ನಾನು."

"ಕೇಳಿಸ್ತು. ಅದಕ್ಕೇ ಈಗ ಬರ್ತೀಯ, ಇನ್ನೊಂದು ಶೀಟು ಆದ್ಮೇಲೆ ಬರ್ತೀಯ ಅಂತ ಬಿಡ್ತಾ ಇದ್ದೆ. ಹೊತ್ತು ಎಷ್ಟಾಯ್ತು?"

ಗಡಿಯಾರದ ಗಾಜು ಮಂಜಾಗಿತ್ತು. ಒರೆಸುವ ಧೈರ್ಯ ಚಿಕ್ಕವಳಿಗೆ ಬರಲಿಲ್ಲ. ಒಂದು ಗಂಟೆಗೂ ಮೀರಿ ಒಂದೇ ಶೀಟಿನ ಎರಡು ತುದಿಗಳನ್ನು ಇಬ್ಬರೂ ಹಿಡಿದು ನಿಂತಿದ್ದರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ. ಅವಳು ಪಟ್ಟಿಯ ಮೇಲೆ ಕೈ ಇಟ್ಟಳು. ಒಂದು ಶೀಟು ನಾಲ್ಕು ಕೈಯಲ್ಲಿ ಒಳಗೆ ಹೋಯಿತು. ಅರ್ಧ ಸಾಗಿದಾಗ ರೋಲರಕ್ಕ ಕೈ ತೆಗೆದಳು. "ಎಡಗಡೆ ಬಿಸಿ ಜಾಸ್ತಿ ಇದೆ, ಹುಷಾರು" ಎಂದು ಚೀಲ ತೆಗೆದುಕೊಂಡು ಹೊರಗೆ ನಡೆದಳು. ಓಡಲಿಲ್ಲ.

ಅವಳು ಸ್ಟೇಷನ್ನಿಗೆ ಹೋದದ್ದು ಚಿಕ್ಕವಳಿಗೆ ತಿಳಿದದ್ದು ಮಾರನೆಯ ದಿನ, ಮನೆಯ ಹಿತ್ತಿಲಲ್ಲಿ ಬಟ್ಟೆ ಹರವುವಾಗ. ಸ್ಟೇಷನ್ನಿನ ಟೀ ಅಂಗಡಿಯವನು ಹೇಳಿದನಂತೆ, ಒಬ್ಬರು ಇಳಿದು ಅಷ್ಟೂ ಹೊತ್ತು ಅಲ್ಲಿಯ ಕಬ್ಬಿಣದ ಕಂಬಕ್ಕೆ ಕೈ ಊರಿಕೊಂಡು ಬಾಗಿಲನ್ನೇ ನೋಡುತ್ತಿದ್ದರು, ಬೆರಳ ತುಂಬ ಬಣ್ಣ ಇತ್ತು ಎಂದು.

"ನಾನೂ ಹೋಗಿ ಆ ಕಂಬದ ಮೇಲೆ ಕೈ ಇಟ್ಟೆ," ಎಂದಳು ರೋಲರಕ್ಕ. "ಬೆಚ್ಚಗಿತ್ತು ಕಣೇ. ಬಿಸಿಲಿಗೋ ಏನೋ."

"ಬೈಯಕ್ಕ ನನ್ನ. ಒಂದು ಸಲ ಬೈದುಬಿಡು."

"ಬೈದ್ರೆ ರೈಲು ಹಿಂದಕ್ಕೆ ಬರುತ್ತಾ? ಆ ತುದಿ ಹಿಡಿ, ಸೀರೆ ನೆಲಕ್ಕೆ ತಾಗ್ತಿದೆ."

ಅಷ್ಟೇ. ಮತ್ತೆ ಆ ಮಾತು ಇಬ್ಬರ ನಡುವೆ ಬರಲಿಲ್ಲ. ಆದರೆ ರಜೆಗೆ ಇಬ್ಬರೂ ಮನೆಯಲ್ಲಿದ್ದ ಮಂಗಳವಾರಗಳಲ್ಲಿ ಮಧ್ಯಾಹ್ನದ ರೈಲು ಕೂಗಿದರೆ ರೋಲರಕ್ಕ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಬಾಗಿಲ ಕಡೆ ನೋಡುವಳು, ಚಿಕ್ಕವಳು ಅವಳ ಮುಖ ನೋಡದೆ ಇರುವಳು. ವರ್ಷಗಳು ಶೀಟುಗಳ ಹಾಗೆ ಹೋದವು. ರೋಲರಕ್ಕ ರಿಟೈರಾದಳು. ಅತ್ತೆ ಹೋದರು. ಮಗಳು ಮದುವೆಯಾಗಿ ಪಕ್ಕದ ಬೀದಿಗೆ ಹೋದಳು. ಚಿಕ್ಕವಳ ಗಂಡ ತೀರಿಕೊಂಡ ದಿನ ಮನೆಯ ತುಂಬ ಜನ, ಎಲ್ಲರೂ ಬಾಗಿಲಲ್ಲೇ ನಿಂತು ಏನೇನೋ ಹೇಳುತ್ತಿದ್ದರು. ಅವಳಿಗೆ ಒಂದೂ ಕೇಳಿಸಲಿಲ್ಲ. ಬೆನ್ನಿನ ಮೇಲೆ ಒಂದು ಅಂಗೈ ಬಂದು ಕೂತಿತು. ಅದರ ಎರಡು ಬೆರಳ ತುದಿ ನುಣ್ಣಗಿತ್ತು. "ಬಂದೆ ಕಣೇ" ಎಂದಿತು ದನಿ. ಆಗ ಅವಳಿಗೆ ಅಳು ಬಂತು.

ಇಪ್ಪತ್ತೆರಡು ವರ್ಷದ ಮೇಲೆ ಎರಡನೆಯ ಕಾರ್ಡು ಬಂತು. ಯಾರೋ ಬರೆದುಕೊಟ್ಟದ್ದು. ಬಣ್ಣದ ಕೆಲಸ ಬಿಟ್ಟೆ. ಕಣ್ಣು ಮಂಜಾಗಿದೆ. ಮಗಳ ಮನೆಗೆ ಹೋಗುತ್ತಿದ್ದೇನೆ, ಬರುವ ಮಂಗಳವಾರ, ಅದೇ ರೈಲು. ಮತ್ತೆ ಬರೆಯುವುದಿಲ್ಲ ಅಂದಿದ್ದೆ, ವಯಸ್ಸಾದ ಮೇಲೆ ಆ ಮಾತು ಭಾರ. ಬಾ ಎನ್ನುವುದಿಲ್ಲ, ತಿಳಿಸುತ್ತಿದ್ದೇನೆ ಅಷ್ಟೇ.

ರೋಲರಕ್ಕ ಆಗ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಕಾಲು ಎರಡೂ ಕೈಕೊಟ್ಟಿದ್ದವು. ಚಿಕ್ಕವಳು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸಿದಾಗ ಅವಳು ಕಣ್ಣು ಮುಚ್ಚಿದ್ದಳು. ರೈಲು ಈಗ ಎರಡೇ ನಿಮಿಷ ನಿಲ್ಲುತ್ತಿತ್ತು.

"ನಾನು ಹೋಗ್ತೀನಕ್ಕ," ಎಂದಳು ಚಿಕ್ಕವಳು.

ಆ ಮಂಗಳವಾರ ಪಕ್ಕದ ಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು ಹೊಸ್ತಿಲಲ್ಲಿ ನಿಂತಳು. "ನಾನಿದ್ದೀನಿ, ನೀವು ಹೋಗ್ಬನ್ನಿ."

ಮಂಚದಿಂದ ದನಿ ಬಂತು. "ಒಳಗೆ ಬಾ ತಾಯಿ. ಹೊಸ್ತಿಲಿಗೆ ಬೇಡ, ನಂಗೆ ಬೇಕು ರಿಲೀವರ್ರು."

ಟೈಲರಮ್ಮ ನಗುತ್ತ ಬಂದು ಮಂಚದ ಅಂಚಿನಲ್ಲಿ ಚಿಕ್ಕವಳ ಕೈಯ ಪಕ್ಕ ಕೈ ಇಟ್ಟಳು. ಚಿಕ್ಕವಳು ತನ್ನ ಕೈ ತೆಗೆದಳು. ಚಪ್ಪಲಿ ಮೆಟ್ಟಿ, ಬಾಗಿಲ ಬೆಳಕಿಗೆ ಬಂದಾಗ ರೋಲರಕ್ಕ ಮತ್ತೆ ಕರೆದಳು. ದನಿ ಹಬೆಯ ಆಚೆಯಿಂದ ಬಂದ ಹಾಗಿತ್ತು. ಚಿಕ್ಕವಳು ಬಾಗಿಲಿಂದಲೇ ಉತ್ತರ ಕೊಡಲಿಲ್ಲ. ಚಪ್ಪಲಿ ಬಿಟ್ಟು ವಾಪಸು ಹೋಗಿ ಮಂಚದ ಪಕ್ಕ ಬಗ್ಗಿದಳು.

"ಅವನಿಗೆ ಕಣ್ಣು ಕಾಣಲ್ಲ. ದೂರದಿಂದ ಕೂಗ್ಬೇಡ ಕಣೇ. ಹತ್ರ ಹೋಗಿ ಕೈ ಹಿಡ್ಕೋ. ಆವತ್ತು ನಿಮ್ಮಕ್ಕಂಗೆ ರಿಲೀವರ್ ಬರೋದು ಸ್ವಲ್ಪ ತಡ ಆಯ್ತು, ಈಗ ಬಂದಿದ್ದೀನಿ ಅಂತ ಹೇಳು. ಹೇಳ್ತೀಯಾ?"