ಅಂಬಿಗನ ಸಿನಿಮಾ ನೋಡಿದ ಪ್ರೇಮನಾಥ

ಮುಳ್ಳೇರಿಯದ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹಳೆಯ ಸಿನಿಮಾ ತೋರಿಸುತ್ತಾರೆ. ಪ್ರೇಮನಾಥ ಒಮ್ಮೆಯೂ ಆ ಕಡೆ ಹೋದವನಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ಹೋದ ವರ್ಷವಷ್ಟೇ ಕೆಲಸ ಬಿಟ್ಟಿದ್ದ. ಈ ಸಲ ಹೆಂಡತಿ ಅಕ್ಕು ಬಿಡಲಿಲ್ಲ. "ಇಲ್ಲಿ ಗೋಡೆ ನೋಡಿ ಕೂತ್ಕೊಳ್ಳುವ ಬದಲು ಅಲ್ಲಿ ಪರದೆ ನೋಡುವ, ಬನ್ನಿ" ಎಂದು ಹೊರಡಿಸಿದಳು.

ಕಪ್ಪುಬಿಳುಪಿನ ಚಿತ್ರ. ಅಂಬಿಗನೊಬ್ಬನ ದೋಣಿ ಮಗುಚಿ ಒಬ್ಬ ಬಸುರಿ ಮುಳುಗಿ ಸಾಯುತ್ತಾಳೆ. ತಪ್ಪು ಅವನದ್ದಲ್ಲವೆಂದು ಊರೇ ಹೇಳುತ್ತದೆ. ಅವನು ಮಾತ್ರ ಆಮೇಲೆ ಬಾಯಿಯನ್ನೇ ಬಿಡುವುದಿಲ್ಲ. ಹಗ್ಗ ಹೊಸೆಯುತ್ತಾನೆ, ದೋಣಿಗೆ ಎಣ್ಣೆ ಹಚ್ಚುತ್ತಾನೆ. ಆ ನಟ ಒಂದು ಹನಿ ಕಣ್ಣೀರು ಹಾಕಲಿಲ್ಲ. ತುತ್ತು ಬಾಯಿಗಿಟ್ಟು ಅಗಿಯಲು ಮರೆತು ಕುಳಿತ, ಅಷ್ಟೇ. ಸತ್ತವಳ ಮನೆಬಾಗಿಲಿಗೆ ಮೂರು ಸಲ ಹೋಗಿ ಮೂರು ಸಲವೂ ಕರೆಯದೆ ಹಿಂದಿರುಗಿದಾಗ ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಅಕ್ಕು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಪ್ರೇಮನಾಥನಿಗೆ ಏನೂ ಆಗಲಿಲ್ಲ. ಬಲಗಾಲು ಬ್ರೇಕು ಒತ್ತಿದ ಹಾಗೆ ನೆಲಕ್ಕೆ ಒತ್ತಿಕೊಂಡಿದ್ದು ಅವನಿಗೆ ತಿಳಿದದ್ದು ಕಾಲು ಜೋಮು ಹಿಡಿದ ಮೇಲೆ.

ಹನ್ನೊಂದು ವರ್ಷದ ಹಿಂದೆ ಪೈವಳಿಕೆಯ ತಿರುವಿನಲ್ಲಿ, ನಿಂತಿದ್ದ ಜೀಪಿನ ಮರೆಯಿಂದ ಕಿನ್ನಿ ಎಂಬ ಹೆಂಗಸು ಅವನ ಬಸ್ಸಿನ ಮುಂದೆ ಓಡಿ ಬಂದು ಸತ್ತಿದ್ದಳು. ಕೋರ್ಟು ಅವನನ್ನು ಬಿಟ್ಟಿತು. ತೀರ್ಪಿನ ಮರುದಿನವೇ ಅವನು ಸ್ಟೇರಿಂಗ್ ಹಿಡಿದ. ಗಟ್ಟಿ ಎದೆಯವನೆಂದರು ಎಲ್ಲರೂ. ಆಮೇಲೆ ಅಪ್ಪ ತೀರಿದಾಗಲೂ ಮಗಳ ಮದುವೆಯಲ್ಲೂ ಅವನಿಗೆ ಎಲ್ಲ ಒಂದೇ ಥರ ಇತ್ತು.

ಸೋಮವಾರ ಬೆಳಿಗ್ಗೆ ಅವನು ಪೈವಳಿಕೆಗೆ ಹೋದ. ಕಿನ್ನಿಯ ಗಂಡ ಲೋಕನಾಥ ಜಗಲಿಯಲ್ಲಿ ಕೂತು ಮಿಕ್ಸಿ ಬಿಚ್ಚುತ್ತಿದ್ದ.

"ನಾನು ಆ ಬಸ್ಸಿನ..."

"ಗೊತ್ತುಂಟು. ಕೋರ್ಟಿನಲ್ಲಿ ನೋಡಿದ್ದೇನೆ. ಕೂತ್ಕೊಳ್ಳಿ."

ಲೋಕನಾಥ ಮಿಕ್ಸಿಯ ಉಳಿದ ಸ್ಕ್ರೂಗಳನ್ನೂ ಬಿಚ್ಚಿದ. ಆಮೇಲೆ ಕೇಳಿದ. "ಅವಳು ಅಲ್ಲೇ ಹೋದಳಾ? ಕೆಲವರು ಹೌದು ಹೇಳ್ತಾರೆ, ಕೆಲವರು ಅಲ್ಲ ಹೇಳ್ತಾರೆ."

"ಇಲ್ಲ. ಅಲ್ಲಿ ನಿಂತಿದ್ದ ಜೀಪಿನಲ್ಲೇ ನನ್ನ ಮಡಿಲಲ್ಲಿ ಮಲಗಿಸಿದ್ದೆ. ಉಪ್ಪಳದ ಆಸ್ಪತ್ರೆ ಮುಟ್ಟುವವರೆಗೆ ಜೀವ ಇತ್ತು."

"ಎಂತಾದರೂ ಹೇಳಿದಳಾ?"

"ಚಪ್ಪಲಿ ಎಲ್ಲಿ ಅಂತ ಕೇಳಿದರು. ಕಾಲಲ್ಲಿ ಒಂದೇ ಇತ್ತು. ಇನ್ನೊಂದು ನನ್ನ ಹತ್ತಿರ ಉಂಟು ಅಂದೆ. ಸುಳ್ಳು ಅದು, ರಸ್ತೆಯಲ್ಲೇ ಬಿದ್ದಿತ್ತು. ಮತ್ತೆ ನನ್ನ ಕೈ ಹಿಡ್ಕೊಂಡರು."

ಲೋಕನಾಥ ಸ್ಕ್ರೂಡ್ರೈವರ್ ಕೆಳಗಿಟ್ಟ. "ಒಬ್ಬಳೇ ಹೋದಳು ಅಂತ ತಿಳ್ಕೊಂಡಿದ್ದೆ ನಾನು, ಇಷ್ಟು ವರ್ಷ" ಎಂದವನು ಮುಖ ಮುಚ್ಚಿ ಅತ್ತ. ಪ್ರೇಮನಾಥ ಪರದೆಯನ್ನು ನೋಡಿದ ಹಾಗೆಯೇ ಅದನ್ನೂ ನೋಡುತ್ತ ಕುಳಿತ.

ಲೋಕನಾಥ ಒಳಗೆ ಹೋಗಿ ಎರಡು ಲೋಟ ಹಾಲಿಲ್ಲದ ಕಟ್ಟನ್ ಚಾ ಮಾಡಿ ತಂದ. "ಆಗಲೇ ಬಂದು ಹೇಳಬಹುದಿತ್ತಲ್ಲ ನೀವು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಬಹುದಿತ್ತು. ಕೋರ್ಟಿನಲ್ಲಿ ಬಸ್ಸಿನ ವೇಗ ಮಾತ್ರ ಕೇಳಿದರು."

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಅಕ್ಕು ಮೆಲ್ಲಗೆ ಕೇಳಿದಳು: "ಈಗ ಸ್ವಲ್ಪ ಹಗುರ ಆಯ್ತಾ?"

ಪ್ರೇಮನಾಥ ಯೋಚಿಸಿ ನೋಡಿದ. "ಇಲ್ಲ" ಎಂದ. "ಅವರ ಮಗಳು ಸೀತಾಂಗೋಳಿಯಲ್ಲಿ ಇದ್ದಾಳಂತೆ. ಅವಳಿಗೂ ಹೇಳಬೇಕಂತೆ, ನನ್ನ ಬಾಯಲ್ಲೇ."

"ಹೋಗ್ತೀರಾ?"

"ಹೋಗ್ತೇನೆ. ಗುರುವಾರ."