ಕುರುಡಜ್ಜಿ ಆಟದಲ್ಲಿ ಸತ್ತ ಗೆನ್ಕಾ

ಗೆನ್ಕಾ ಬಸ್ ನಿಲ್ದಾಣದ ಕಿಂಡಿಯ ಹಿಂದೆ ಕೂತು ಮೂವತ್ತೊಂದು ವರ್ಷ ಟಿಕೆಟ್ ಹರಿದವಳು. ಗೊರ್ನೊ ಲಿಪೊವೊ ಊರಿನವರೆಲ್ಲ ತನ್ನ ಅಪ್ಪಣೆ ಪಡೆದೇ ಪ್ರಪಂಚ ನೋಡಿಬಂದರೆಂಬ ಗತ್ತು ಅವಳದು. ಆ ಗತ್ತಿಗೆ ಬಗ್ಗದವಳು ಎದುರುಮನೆಯ ನಾದಿನಿ ವೆಲಿಕಾ ಒಬ್ಬಳೇ. ಒಂಬತ್ತು ವರ್ಷದ ಹಿಂದೆ ದಪ್ಪಮೆಣಸಿನಕಾಯಿ ಸುಡುವ ಒಲೆಯೊಂದಕ್ಕೆ ಜಗಳವಾಗಿ, "ನೀನು ಸತ್ಮೇಲೇ ನಾನು ನಿನ್ನ ಹೊಸ್ತಿಲು ತುಳಿಯೋದು" ಎಂದು ಹೋದವಳು ಈ ಕಡೆ ತಲೆ ಹಾಕಿರಲಿಲ್ಲ. ಅಂದಿನಿಂದ ಒಬ್ಬಳೇ ಕುಡಿಯುವ ಬೆಳಗಿನ ಕಾಫಿ ಗೆನ್ಕಾಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಅದೇ ಊರಿನ ಹುಡುಗ ಡೆಚ್ಕೊ ಬಂದ. ಮದುವೆ ವಿಡಿಯೊ ತೆಗೆಯುತ್ತಿದ್ದವನು, ಮದುವೆಯಾಗುವವರೇ ಊರಲ್ಲಿ ಉಳಿಯದ ಕಾರಣ ದೆವ್ವದ ಸಿನಿಮಾಕ್ಕೆ ಕೈಹಾಕಿದ್ದ. ಮಕ್ಕಳ ಕುರುಡಜ್ಜಿ ಆಟಕ್ಕೆ ಶಾಪ ತಟ್ಟಿದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರ ಕೈಗೆ ಸಿಕ್ಕವರು ಮರುದಿನ ಸಾಯುತ್ತಾರೆ. ಇಷ್ಟೇ ಕತೆ. ಮೊದಲು ಕೈಗೆ ಸಿಕ್ಕುವವಳ ಪಾತ್ರ ಗೆನ್ಕಾಳಿಗೆ.

"ನಾನೇ ಮೊದ್ಲು ಸಾಯೋದಾ? ನಾನು ಕೊನೇವರೆಗೂ ಇರ್ಬೇಕಲ್ಲಪ್ಪ!" ಎಂದಳು ಗೆನ್ಕಾ.

"ಅತ್ತೆ, ನಿಮ್ಮಂಥೋರು ಸತ್ರೇ ಜನಕ್ಕೆ ಭಯ ಹುಟ್ಟೋದು. ಕಲೆ ಅಂದ್ರೆ ಸತ್ಯ."

ಆ ಸತ್ಯಕ್ಕಾಗಿ ಅವನು, ಯಾರಾದರೂ ಸತ್ತರೆ ಊರಿಗೆ ತಿಳಿಸಲು ಅಂಟಿಸುವ ಸಾವಿನ ಚೀಟಿಯನ್ನೂ ಅವಳ ನಿಜವಾದ ಹೆಸರು, ಫೋಟೊ ಹಾಕಿಯೇ ಅಚ್ಚು ಮಾಡಿಸಿದ. ಬೇಕರಿ ಮುಂದಿನ ಕಂಬಕ್ಕೆ ಅಂಟಿಸಿ, ಚಿತ್ರೀಕರಿಸಿ, ಹೊರಟುಹೋದ. ಅದನ್ನು ಯಾರೂ ಕೀಳಲಿಲ್ಲ. ಈ ಊರಲ್ಲಿ ಸಾವಿನ ಚೀಟಿಗೆ ಕೈ ಹಚ್ಚುವುದುಂಟೆ? ಮಳೆಗಾಳಿಯೇ ಅದನ್ನು ಒಯ್ಯಬೇಕು.

ಮರುದಿನ ಬೇಕರಿಯವಳು ಗೆನ್ಕಾಳ ಕೈಗೆ ಬ್ರೆಡ್ಡು ಕೊಡುತ್ತ, "ದೇವರು ಸದ್ಗತಿ ಕೊಡ್ಲಿ, ಒಳ್ಳೇ ಹೆಂಗಸು" ಎಂದಳು.

"ಯಾರು?"

"ನೀವೇ." ಹೇಳಿದ ಮೇಲೆ ಅವಳಿಗೂ ಗೊಂದಲವಾಯಿತು. ಒಮ್ಮೆ ಗೆನ್ಕಾಳನ್ನು, ಒಮ್ಮೆ ಕಂಬವನ್ನು ನೋಡಿದಳು, ಕಂಬವನ್ನೇ ನಂಬಿದಂತಿತ್ತು.

ಗೆನ್ಕಾ ತಲೆ ಕೆಟ್ಟು ಮನೆಗೆ ಬಂದರೆ, ತೆರೆದ ಬಾಗಿಲಲ್ಲಿ ಕರಿ ಬಟ್ಟೆಯ ವೆಲಿಕಾ! ಕೈಯಲ್ಲಿ ತಿಥಿಗೆ ಹಂಚುವ ಬೇಯಿಸಿದ ಗೋಧಿಯ ತಟ್ಟೆ, ಒಂದು ಕಾಲು ಹೊಸ್ತಿಲ ಒಳಗೆ.

"ಏನೇ ಇದು? ಸತ್ತಿದ್ದೀಯಲ್ಲೇ ನೀನು!"

"ಸಿನಿಮಾದಲ್ಲಿ ಕಣೇ."

"ಸಿನಿಮಾದಲ್ಲಿ ಸತ್ತೋಳು ಕಂಬ ಯಾಕೆ ಹತ್ತಿದ್ದೀಯ? ಬೆಳಗಿಂದ ಅತ್ತೂ ಅತ್ತೂ ಕಣ್ಣು ಊದಿದೆ, ಮುಂಡೇದೇ!"

ಗೆನ್ಕಾಳಿಗೆ ದಿಕ್ಕು ತೋಚಲಿಲ್ಲ. ಬದುಕಿದ್ದೇನೆ ಎಂದರೆ ಇವಳು ಆ ಕಾಲನ್ನು ಹಿಂದಕ್ಕೆ ತೆಗೆಯುತ್ತಾಳೆ. ಸತ್ತಿದ್ದೇನೆ ಎನ್ನೋಣವೆಂದರೆ ಕಂಕುಳಲ್ಲಿ ಬಿಸಿ ಬ್ರೆಡ್ಡು. ಕೊನೆಗೆ ಕಿಂಡಿಯ ಹಳೆಯ ದನಿಯನ್ನೇ ತೆಗೆದಳು: "ಬಾಗಿಲಿಗೆ ಅಡ್ಡ ನಿಲ್ಬೇಡ. ಒಳಗೆ ಹೋಗು, ಇಲ್ಲಾ ಹೊರಗೆ."

"ನೀನು ಸತ್ತಿಲ್ವಲ್ಲ, ಹೆಂಗೆ ಹೋಗ್ಲಿ?"

"ಅಚ್ಚಾಗಿದೆಯಲ್ಲೇ. ಊರಿಗೆಲ್ಲ ಸತ್ತೋಳು ನಿನಗೊಬ್ಬಳಿಗೆ ಬದುಕಿರ್ಲಾ?"

ವೆಲಿಕಾಳಿಗೆ ಅರ್ಥವಾದಂತೆ ಕಾಣಲಿಲ್ಲ. ಆದರೂ ಇನ್ನೊಂದು ಕಾಲನ್ನು ಒಳಗಿಟ್ಟು, ಸೀದಾ ಅಡುಗೆಮನೆಗೆ ಹೋಗಿ ಕೂತಳು.

"ಕಾಫಿ ಇಡು. ಸಕ್ಕರೆ ಬೇಡ."

"ನಿಂಗೆ ಮೂರು ಚಮಚ ಬೇಕಲ್ಲೇ?"

"ನಂಗೆ ಸಕ್ಕರೆ ಕಾಯಿಲೆ ಬಂದು ಐದು ವರ್ಷ ಆಯ್ತು" ಎಂದಳು ವೆಲಿಕಾ. "ನಿಂಗೆ ಹೇಳೋರು ಯಾರಿದ್ರು?"