ಬಿಳಿ ಬಟ್ಟೆಯ ಮೇಲೆ ಬಿಳಿ ದಾರ

ಕಂಪ್ಯೂಟರ್ ಸರಿಮಾಡುವ ರಿಪೇರಿಯಮ್ಮ ಹೊಲಿಗೆ ಕೋಣೆಗೆ ಮೊದಲ ಸಲ ಬಂದ ದಿನ ಅಜ್ಜಿ ಕಿಟಕಿಯ ಪಕ್ಕ ಕೂತು ಆಸ್ಪತ್ರೆಯ ಕೋಟುಗಳಿಗೆ ಗುಂಡಿ ಹಚ್ಚುತ್ತಿದ್ದಳು. ಒಂದು ಕೋಟಿಗೆ ಐದು ಗುಂಡಿ, ಒಂದು ಗುಂಡಿಗೆ ಆರು ಸುತ್ತು ದಾರ. ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷದಿಂದ ಅವಳದು ಇದೇ ಕೆಲಸ. ಓದು ಎಂದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಸಾಲು ದಾಟುವಷ್ಟು.

ಕೋಣೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್. ಬಟ್ಟೆ ಕತ್ತರಿಸುವ ಅಳತೆಯ ಚಿತ್ರಗಳೆಲ್ಲ ಅದರೊಳಗೆ. ಅಂದು ಅದು ಒಂದು ಚಿತ್ರ ತೆರೆಯುವಷ್ಟರಲ್ಲಿ ಅಜ್ಜಿ ಎರಡು ಕೋಟು ಮುಗಿಸಿದ್ದಳು. ಯಾರೂ ಕರೆಯದ ಪ್ರೋಗ್ರಾಮ್‌ಗಳು ಒಳಗೆ ಬಂದು ಕೂತಿದ್ದವು. ನಿಮಿಷಕ್ಕೊಮ್ಮೆ ಇಣುಕಿ, ‘ನಿಮ್ಮ ಯಂತ್ರ ಅಪಾಯದಲ್ಲಿದೆ’ ಎಂದು ಹೆದರಿಸುತ್ತಿದ್ದವು.

“ತೆರೆ ಮೇಲಿರೋ ಇವುಗಳ ಗುರುತನ್ನ ಮೂರು ಸಲ ಕಸದಬುಟ್ಟಿಗೆ ಎಳೆದು ಹಾಕಿದೀನಿ. ಇನ್ನೇನು ಮಾಡ್ಲಿ?” ಎಂದರು ಕಟಿಂಗ್ ಮಾಸ್ತರು.

“ನೀವು ಕಿತ್ತಿದ್ದು ಬೋರ್ಡನ್ನ, ಮಾಸ್ತರೇ. ಅಂಗಡಿ ಒಳಗೆ ಆರಾಮಾಗಿ ನಡೀತಿದೆ,” ಎಂದಳು ರಿಪೇರಿಯಮ್ಮ.

“ಗುಂಡಿ ಕಿತ್ತು ದಾರ ಬಿಟ್ಟ ಹಾಗೆ,” ಎಂದಳು ಅಜ್ಜಿ, ತಲೆ ಎತ್ತದೆ.

ರಿಪೇರಿಯಮ್ಮ ಕುರ್ಚಿ ತಿರುಗಿಸಿ ನೋಡಿದಳು. “ಅದೇ, ಅಜ್ಜೀ. ಇದನ್ನ ಮಾಡಿದ ದೊಡ್ಡ ಮನುಷ್ಯರಿಗೆ ಇಷ್ಟೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಯಾಕೆ ಹೇಳ್ಲಿ, ಗೊತ್ತಿದ್ದೇ ಮಾಡಿದಾರೆ.”

ರಿಪೇರಿಯಮ್ಮನಿಗೆ ಐವತ್ತು ದಾಟಿತ್ತು. ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದವಳು. ಶಾಲೆ ಮುಚ್ಚಿದಾಗ ಅಲ್ಲಿನ ಕೆಟ್ಟ ಕಂಪ್ಯೂಟರ್‌ಗಳನ್ನು ಬಿಚ್ಚಿ ಜೋಡಿಸಿ ರಿಪೇರಿ ಕಲಿತಳು. ಮದುವೆಯಾಗಲಿಲ್ಲ, ತೀರಿಹೋದ ಅಕ್ಕನ ಮಗಳನ್ನು ಸಾಕಿ ನರ್ಸ್ ಮಾಡಿದಳು. ಚೀಲದಲ್ಲಿ ಸದಾ ಒಂದು ಉದ್ದ ನೋಟ್‌ಬುಕ್ಕು. ಪುಟಕ್ಕೊಂದು ಪ್ರೋಗ್ರಾಮಿನ ಹೆಸರು. ಎಡಕ್ಕೆ ಅದು ಒಳಗೆ ಬರಲು ಎಷ್ಟು ಹೆಜ್ಜೆ, ಬಲಕ್ಕೆ ಹೊರಗೆ ಹಾಕಲು ಎಷ್ಟು ಹೆಜ್ಜೆ. ಎಡಕ್ಕೆ ಎಲ್ಲ ಪುಟದಲ್ಲೂ ಒಂದೇ ಹೆಜ್ಜೆ. ಬಲಕ್ಕೆ ಒಂಬತ್ತು, ಹನ್ನೊಂದು, ಒಂದು ಕಡೆ ಹದಿನೇಳು.

ಅಂದಿನಿಂದ ಹೊಲಿಗೆ ಕೋಣೆಗೆ ತಿಂಗಳಿಗೊಮ್ಮೆ ಬರತೊಡಗಿದಳು. ಕೆಲಸದ ಜೊತೆಗೆ ಬೈಗುಳವೂ ಸಾಗುತ್ತಿತ್ತು. “ಹೋಗು ಅಂದ್ರೆ, ನಿಜವಾಗ್ಲೂ ಹೋಗ್ಲಾ ಅನ್ನುತ್ತೆ. ಹೂಂ ಅಂದ್ರೆ, ಯಾಕೆ ಅನ್ನುತ್ತೆ. ಕಾರಣ ಕೊಟ್ರೆ, ಹದಿನೈದು ದಿನ ಇದ್ದು ಹೋಗ್ತೀನಿ ಅನ್ನುತ್ತೆ. ಬೀಗರೂ ಇಷ್ಟು ಕಾಡಲ್ಲ, ಅಜ್ಜೀ.”

“ನಮ್ಮ ಬೀಗರನ್ನ ನೀನು ನೋಡಿಲ್ಲ,” ಎನ್ನುತ್ತಿದ್ದಳು ಅಜ್ಜಿ.

ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಮಾಡಿದ ಕಂಪನಿಗೆ ರಿಪೇರಿಯಮ್ಮ ಹದಿನಾಲ್ಕು ಕಾಗದ ಬರೆದಿದ್ದಳು. ಒಳಗಿರುವುದರ ಪಟ್ಟಿ ಒಂದೇ ಕಡೆ ಇರಲಿ, ಪ್ರತಿ ಹೆಸರಿನ ಮುಂದೆ ‘ತೆಗೆ’ ಎಂಬ ಬಟನ್ ಇರಲಿ, ಒತ್ತಿದರೆ ಬೇರುಸಹಿತ ಹೋಗಲಿ, ಅಷ್ಟೇ. ಹದಿನಾಲ್ಕಕ್ಕೂ ಒಂದೇ ಉತ್ತರ ಬಂತು: ನಿಮ್ಮ ಸಲಹೆಗೆ ಧನ್ಯವಾದ.

ಮೂರನೆಯ ವರ್ಷ ಅವಳ ಕಣ್ಣು ಮಸುಕಾಗತೊಡಗಿತು. ಇನ್ನು ಇದು ತಿಳಿಯಾಗುವುದಿಲ್ಲ ಎಂದರು ಡಾಕ್ಟರು. ದಪ್ಪಕ್ಷರ ಕಾಣುತ್ತಿತ್ತು, ಸಣ್ಣದು ಇಲ್ಲ. ಒಂದು ಬೆಳಿಗ್ಗೆ, ಮಾಸ್ತರು ಹಿಂದೆ ನಿಂತಿರುವಾಗಲೇ, ಹೊರಗೆ ಹಾಕಬೇಕಿದ್ದ ಪ್ರೋಗ್ರಾಮ್ ಒಂದು ದೊಡ್ಡ ಹಸಿರು ಬಟನ್ ತೋರಿಸಿತು. ಅವಳಿಗೆ ಕಂಡದ್ದು ಅದೊಂದೇ. ಒತ್ತಿದಳು. ಇದ್ದದ್ದು ಹೋಗುವ ಬದಲು ಇನ್ನೆರಡು ಒಳಗೆ ಬಂದವು, ಹಸಿರು ಬಟನ್ ಅಲ್ಲೇ ಉಳಿಯಿತು.

“ಬೇಜಾರು ಮಾಡ್ಕೋಬೇಡಿ,” ಎಂದರು ಮಾಸ್ತರು. “ಮುಂದಿನ ತಿಂಗಳಿಂದ ಬೇರೆಯವರನ್ನ ಕರೀತೀವಿ. ಕಣ್ಣು ಕಾಣದೆ ಈ ಕೆಲಸ ಹೇಗಾಗುತ್ತೆ?”

ರಿಪೇರಿಯಮ್ಮ ನೋಟ್‌ಬುಕ್ಕನ್ನು ಮುಚ್ಚಿ ಚೀಲಕ್ಕೆ ಸೇರಿಸಿದಳು. ಇಲ್ಲಿ ಬಿಡಿಸಿದರು ಎಂಬ ಸುದ್ದಿ ಹಬ್ಬಿದರೆ ಮಿಕ್ಕ ಬಾಗಿಲುಗಳೂ ಮುಚ್ಚುತ್ತವೆ. ಹೊಟ್ಟೆಗೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಅಜ್ಜಿ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದು ಬಂದಳು. ಕಂಪ್ಯೂಟರಿನ ತೆರೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು.

“ಮಾಸ್ತರೇ, ಹಸಿರು ಬಿಟ್ಟು ಇನ್ನೇನು ಬರೆದಿದೆ, ಓದಿ.”

ಮಾಸ್ತರು ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು. “ಏನೂ ಇಲ್ವಲ್ಲ.”

“ಇದೆ. ಕೆಳಗೆ, ಮೂಲೇಲಿ. ಬಿಳಿ ಬಟ್ಟೆ ಮೇಲೆ ಬಿಳಿ ದಾರದ ಹಾಗೆ. ಅಂಥ ಹೊಲಿಗೆ ಬಿಚ್ಚಿ ಬಿಚ್ಚಿ ನನಗೆ ರೂಢಿ. ‘ತೆ, ಗೆ’ ಅಂತಿದೆ. ನಿಮಗೂ ಕಾಣಲಿಲ್ಲ, ನಿಮ್ಮನ್ನೂ ಬಿಡಿಸೋಣವಾ? ಯಾರಿಗೂ ಕಾಣಬಾರದು ಅಂತಲೇ ಬರೆದವನು ಎಲ್ಲೋ ತಣ್ಣಗೆ ಕೂತಿದಾನೆ. ಅವನ ತಪ್ಪಿಗೆ ಇವಳ ಅನ್ನ ಯಾಕೆ ಹೋಗ್ಬೇಕು?”

ಮಾಸ್ತರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅಜ್ಜಿ ತನ್ನ ಸ್ಟೂಲನ್ನು ಎಳೆದುಕೊಂಡು ಬಂದು ಕೂತಳು. ಅವಳು ಅಕ್ಷರ ಕೂಡಿಸಿ ಓದುವುದು, ರಿಪೇರಿಯಮ್ಮ ಇಂಥದ್ದನ್ನು ಒತ್ತಿ ಎನ್ನುವುದು. ಊಟದ ಹೊತ್ತಿಗೆ ಮೂರೂ ಹೊರಗೆ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ಅಜ್ಜಿ ಸಾಲಿನ ಕೆಳಗೆ ಬೆರಳಿಟ್ಟು ಪಟ್ಟಿಯನ್ನು ಎರಡು ಸಲ ಓದಿದಳು. ಒಂದೂ ಮರಳಿ ಬಂದಿರಲಿಲ್ಲ.

“ಮುಂದಿನ ತಿಂಗಳೂ ಇಬ್ರೂ ಕೂತೇ ಮಾಡಿ,” ಎಂದು ಮಾಸ್ತರು ಕತ್ತರಿ ಹುಡುಕುವವರಂತೆ ಆ ಕಡೆ ಹೋದರು.

ರಿಪೇರಿಯಮ್ಮ ಚೀಲದಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ಅಜ್ಜಿಯ ಮುಂದಿಟ್ಟಳು. “ಕಂಪನಿಗೆ ಹದಿನೈದನೇ ಕಾಗದ. ನಾನು ಬರೆದ್ರೆ ಈಗ ಸಾಲು ಒಂದರ ಮೇಲೊಂದು ಹತ್ತುತ್ತೆ.”

“ನನ್ನ ಅಕ್ಷರ ಒಂದೊಂದೂ ಕೋಟಿನ ಗುಂಡಿಯಷ್ಟು ದಪ್ಪ, ತಾಯಿ. ಹಾಳೆಗೆ ಏಳೇ ಸಾಲು.”

“ಅದೇ ಬೇಕಾಗಿದ್ದು. ಅವರ ಕಣ್ಣಿಗೂ ಕಾಣೋ ಹಾಗೆ ಬರೀತೀರಾ, ಅಜ್ಜೀ?”